ಒಂದು ತಪ್ಪಿಗೆ ಒಂದು ಬಾಗಿಲು

ಹೊಸ ಮಡಕೆಗೆ ಮೊದಲ ಸಲ ನೀರು ಹೊಯ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣು, ಸುಣ್ಣ, ಸ್ವಲ್ಪ ಹೊಗೆ ಬೆರೆತ ತಣ್ಣನೆಯ ವಾಸನೆ. ಬೇರೆಯವರಿಗೆ ಅದು ಬೇಸಿಗೆಯನ್ನು ನೆನಪಿಸುತ್ತದೆಯಂತೆ. ನನಗೆ ಮಾತ್ರ ನಮ್ಮ ಮನೆಯ ಬೀದಿಬಾಗಿಲು ಗೋಡೆಯಾದ ಮಧ್ಯಾಹ್ನ ನೆನಪಾಗುತ್ತದೆ. ಆಗಿನ್ನೂ ನಾನು ಅಕ್ಷರ ತಿದ್ದುತ್ತಿದ್ದ ಹುಡುಗಿ. ಅಜ್ಜಿ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಚಾವಡಿಗೆ ಹೋಗಿದ್ದರು. ಇದ್ದಕ್ಕಿದ್ದಂತೆ ಆ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ, ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ಚೌಕ ಇರಲಿಲ್ಲ. ಬಾಗಿಲೂ ಇರಲಿಲ್ಲ. ಹೊಸ್ತಿಲಿದ್ದ ಜಾಗದಲ್ಲಿ ಗೋಡೆ ನಿಂತಿತ್ತು, ಇನ್ನೂ ಹಸಿಯಾಗಿ. ಅಜ್ಜಿ ಕೈಯಲ್ಲಿದ್ದ ಕಾಯನ್ನು ಬಿಡಿಸಿ ಮುಗಿಸಿ, "ಆಯ್ತು ಬುಡು, ತೀರ್ಪು ಬಂತು" ಎಂದಳು.

ನಮ್ಮ ಊರಿನಲ್ಲಿ ಹಾಗೆಯೇ. ಚಾವಡಿಯಲ್ಲಿ ಕೂತ ನ್ಯಾಯಾಧೀಶರು "ತಪ್ಪು ನಿಂತಿತು" ಎಂದ ಗಳಿಗೆಗೆ, ತಪ್ಪು ಮಾಡಿದವರ ಮನೆಯ ಒಂದು ಬಾಗಿಲು ಗೋಡೆಯಾಗುತ್ತದೆ. ಮೊದಲು ಬೀದಿಬಾಗಿಲು, ಆಮೇಲೆ ಉಳಿದವು. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಗೋಡೆ ಒಡೆದು ಬೇರೆ ಬಾಗಿಲು ಕೂರಿಸಹೊರಟರೆ, ಇದ್ದ ಬಾಗಿಲನ್ನೇ ಅಗಲ ಮಾಡಹೊರಟರೆ, ಹಾರೆ ಕೆಳಗಿಡುವಷ್ಟರಲ್ಲಿ ಅದು ಮೊದಲಿನಂತೆ ಆಗಿರುತ್ತದೆ. ಜನ ಇದಕ್ಕೆಲ್ಲ ಒಗ್ಗಿಹೋಗಿದ್ದಾರೆ. ಉಳ್ಳವರು ಮನೆ ಕಟ್ಟಿಸುವಾಗ ಎಲ್ಲ ದಿಕ್ಕಿಗೂ ಬಾಗಿಲಿಡಿಸುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ, ಉಪಚಾರ ಮುಗಿದ ಮೇಲೆ ಕೈ ತೊಳೆಯುವ ನೆಪದಲ್ಲಿ ಮನೆಯ ಸುತ್ತ ಒಂದು ಸುತ್ತು ಹಾಕಿ ಬರುತ್ತಾರೆ. ಚಾವಡಿಯಿಂದ ಕರೆ ಬಂದವರು ಹೊರಡುವ ಮುಂಚೆ ಮಂಚ, ಒರಳು, ಮರದ ಪೆಟ್ಟಿಗೆ, ಹೀಗೆ ಹಿತ್ತಲ ಬಾಗಿಲಲ್ಲಿ ಹಿಡಿಸದ ಸಾಮಾನನ್ನೆಲ್ಲ ಬೀದಿಗೆ ತಂದಿಡುತ್ತಾರೆ. ಬೀದಿಯಲ್ಲಿ ಮಂಚ ಕಂಡರೆ ಆ ದಿನ ಆ ಮನೆಯವರನ್ನು ಯಾರೂ "ಎಲ್ಲಿಗೆ ಹೊರಟ್ರಿ" ಎಂದು ಕೇಳುವುದಿಲ್ಲ. ಅದು ಊರಿನ ಮರ್ಯಾದೆ.

ಎಲ್ಲ ಬಾಗಿಲೂ ಮುಚ್ಚಿಹೋದ ಮನೆ ಊರಿನಲ್ಲಿ ಒಂದೇ ಇದೆ, ಕೆರೆಬೀದಿಯ ತುದಿಯಲ್ಲಿ. ಅದನ್ನು ಮೊಟ್ಟೆಮನೆ ಎನ್ನುತ್ತಾರೆ. ಅದರ ಯಜಮಾನ ಹೆಂಚು ಸರಿಸಿ ಮೇಲಿನಿಂದ ಇಳಿದು ಊರು ಬಿಟ್ಟನಂತೆ. ಕಿಟಕಿಯ ಸರಳಿನೊಳಗೆ ಇಣುಕಿದರೆ ಇವತ್ತಿಗೂ ಒಳಗೊಂದು ತೊಟ್ಟಿಲು ಕಾಣುತ್ತದೆ.

ನಮ್ಮಪ್ಪನ ತಪ್ಪು ಒಂದು ಏಣಿಯದು. ಪಕ್ಕದ ಮನೆಯ ಚಿಕ್ಕಬೋರಯ್ಯನವರ ಏಣಿ. ನಮ್ಮ ಮನೆಯ ಹೆಂಚು ಸರಿಮಾಡಬೇಕಿತ್ತು, ಅವರು ಗಿರಣಿಗೆ ಹೋಗಿದ್ದರು, ಅಪ್ಪ ಏಣಿ ಹೊತ್ತು ತಂದರು. ಕೇಳದೆ ತಂದರು. ಆ ಎರಡು ಮನೆಗಳ ನಡುವೆ ನುಗ್ಗೆಮರವೊಂದರ ವಿಚಾರಕ್ಕೆ ಮೊದಲೇ ಮಾತು ಬೆಳೆದಿತ್ತು. ಚಿಕ್ಕಬೋರಯ್ಯನವರು ನೆಟ್ಟಗೆ ಚಾವಡಿಗೆ ಹೋದರು. ಅಪ್ಪ ಒಪ್ಪಿಕೊಂಡರು, ಬಾಗಿಲು ಮುಚ್ಚಿತು. ಒಂದು ಏಣಿಗಾಗಿ ನೆರೆಯವನ ಬೀದಿಬಾಗಿಲು ಮುಚ್ಚಿಸಿದನಲ್ಲ ಎಂದು ಊರು ಆಡಿಕೊಳ್ಳತೊಡಗಿದಾಗ ಚಿಕ್ಕಬೋರಯ್ಯನವರು, "ಬರೀ ತಗೊಂಡು ಹೋಗಿದ್ನಾ? ಹತ್ತಿ ಒಂದು ಮೆಟ್ಲು ಮುರಿದವ್ನೆ" ಎಂದರು. ಆ ಮಾತು ನಿಂತುಬಿಟ್ಟಿತು. ಅಪ್ಪ ಕಡೆಯವರೆಗೂ "ನಾನು ಹತ್ತಿರ್ಲಿಲ್ಲ ಕಣಮ್ಮ" ಎನ್ನುತ್ತಿದ್ದರು, ಯಾರೂ ಕೇಳದಿದ್ದಾಗಲೂ.

ನಮಗೆ ಉಳಿದದ್ದು ಅಡುಗೆಮನೆಯ ಬಾಗಿಲು, ಅದು ತೆರೆಯುತ್ತಿದ್ದುದು ಚಿಕ್ಕಬೋರಯ್ಯನವರ ಅಂಗಳಕ್ಕೆ. ಮಾರನೆಯ ಬೆಳಗ್ಗೆ ನೋಡಿದರೆ ಅವರ ಅಂಗಳದ ಪಡಿಗೆ ಅಗುಳಿಯೇ ಇರಲಿಲ್ಲ. ಅವರ ಹೆಂಡತಿ ಕೆಂಪಾಜಮ್ಮ ಕಿತ್ತುಹಾಕಿದ್ದಳು. ಅಷ್ಟೇ ಅಲ್ಲ, ನಮ್ಮ ಮುಚ್ಚಿದ ಬಾಗಿಲ ಮುಂದೆ ದಿನಾ ಬೆಳಗ್ಗೆ ಸಾರಿಸಿ ರಂಗೋಲಿ ಬಿಡುತ್ತಿದ್ದವಳೂ ಅವಳೇ. ನಾವು ಸುತ್ತು ಬಳಸಿ ಅಲ್ಲಿಗೆ ಹೋಗಬೇಕಾಗುತ್ತಿತ್ತಲ್ಲ, ಅದಕ್ಕೆ. ಗಂಡ ನೋಡುತ್ತ ನಿಂತಿದ್ದರೂ ಅವಳು ತಲೆ ಎತ್ತುತ್ತಿರಲಿಲ್ಲ. ಅವರ ಮಗಳು ಜವರಮ್ಮನೂ ನಾನೂ ಆ ಅಂಗಳದಲ್ಲೇ ಬೆಳೆದೆವು. ಇವತ್ತಿಗೂ ನನ್ನನ್ನು ದಾಕ್ಷಿ ಎಂದು ಕರೆಯುವವಳು ಅವಳೊಬ್ಬಳೇ. ಉಳಿದವರಿಗೆಲ್ಲ ನಾನು ಟೀಚರಮ್ಮ. ಎಲ್ಲ ಮಾತನ್ನೂ ಹಂಚಿಕೊಂಡಿದ್ದೇವೆ. ಏಣಿಯ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ.

ನಾನು ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದಿ, ಹೆಣ್ಣುಮಕ್ಕಳ ಶಾಲೆಯಲ್ಲೇ ಪಾಠ ಹೇಳಿ ನಿವೃತ್ತಳಾದೆ. ಈಗ ಚಾವಡಿಯಲ್ಲಿ ಮೊರ ಹಿಡಿಯುತ್ತೇನೆ, ಜವರಮ್ಮನ ಜೊತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರ ಮೇಲೆ ಒಂದು ಘಟನೆಗಾಗಿ ಒಂದು ಬಾಗಿಲು ಮುಚ್ಚಿದ ಮೇಲೆ, ಅದೇ ಘಟನೆಗೆ ಇನ್ನೊಂದು ಹೆಸರಿಟ್ಟು ಮತ್ತೆ ದೂರು ಬಂದರೆ ಏನು ಮಾಡುವುದು? ಒಂದು ತಪ್ಪಿಗೆ ಒಂದೇ ಬಾಗಿಲು. ಆದರೆ ಇದು ಅದೇ ತಪ್ಪೋ, ಬೇರೆ ತಪ್ಪೋ? ಹೆಸರು ಬೇರೆಯಾದ ಮಾತ್ರಕ್ಕೆ ತಪ್ಪು ಬೇರೆಯಾಗುವುದಿಲ್ಲ. ಅದಕ್ಕಾಗಿ ಇಬ್ಬರು ವಯಸ್ಸಾದ ಹೆಂಗಸರು ಒಂದೊಂದು ಮೊರ ಹಿಡಿದು ಕೂರುತ್ತಾರೆ. ಆ ತಪ್ಪು ನಿಲ್ಲಬೇಕಾದರೆ ಏನೇನು ಇರಲೇಬೇಕೋ ಅದಕ್ಕೆಲ್ಲ ಒಂದೊಂದು ಬೀಜವನ್ನು ಮೊರದಲ್ಲಿ ಹಾಕುತ್ತಾರೆ. ಮೊದಲ ದೂರಿಗೆ ಒಂದು ಮೊರ, ಎರಡನೆಯದಕ್ಕೆ ಇನ್ನೊಂದು. ಆ ಮೊರದಲ್ಲಿಲ್ಲದ ಬೀಜ ಈ ಮೊರದಲ್ಲೂ, ಈ ಮೊರದಲ್ಲಿಲ್ಲದ ಬೀಜ ಆ ಮೊರದಲ್ಲೂ ಇದ್ದರೆ, ತಪ್ಪು ಎರಡು. ಒಂದರಲ್ಲಿರುವುದೆಲ್ಲ ಇನ್ನೊಂದರೊಳಗೆ ಇದ್ದುಬಿಟ್ಟರೆ, ತಪ್ಪು ಒಂದೇ. ಎರಡನೆಯ ದೂರನ್ನು ಕೇಳುವಂತೆಯೇ ಇಲ್ಲ. ಯಾವ ಬೀಜದ ಬಗ್ಗೆಯಾದರೂ ಅನುಮಾನ ಬಂದರೆ ಮೊರ ಹಿಡಿದವರು ಒಂದು ಪ್ರಶ್ನೆ ಕೇಳಬಹುದು: ಇದಿಲ್ಲದೆ ಬಾಗಿಲು ಮುಚ್ಚಿದ್ದುಂಟೇ? ಹಿಂದೆ ಎಂದಾದರೂ ಅದಿಲ್ಲದೆಯೂ ಬಾಗಿಲು ಮುಚ್ಚಿದ್ದರೆ, ಆ ಬೀಜ ಬೇಕಾದದ್ದಲ್ಲ, ತೆಗೆದುಹಾಕುತ್ತಾರೆ. ಆದರೆ ಅದಕ್ಕೆ ಬಾಗಿಲು ಕಳೆದುಕೊಂಡ ಮನೆಯವರ ಮಾತನ್ನು ಒಪ್ಪುವುದಿಲ್ಲ. ಅವರೆಲ್ಲ ತಾವು ಮಾಡಿದ್ದು ಏನೂ ಅಲ್ಲ ಎಂದೇ ಹೇಳುತ್ತಾರೆ. ದೂರು ಕೊಟ್ಟ ಮನೆಯವರು ಹೇಳಬೇಕು.

ಈಗ ನಿಂಗಾಜಮ್ಮನ ವಿಚಾರ. ಅವಳು ಬಣ್ಣದ ಕಾರ್ಖಾನೆಯ ಆಳುಗಳಿಗೆ ಮಧ್ಯಾಹ್ನದ ಊಟ ಹಾಕುವವಳು. ಮನೆಯಲ್ಲಿ ಅವಳೂ ಕಾಲು ಬಾರದ ಅವಳ ಮಾವನೂ ಇಬ್ಬರೇ. ಒಂದು ಬೆಳಗ್ಗೆ ಅವಳ ಕೊಪ್ಪರಿಗೆಯ ತಳ ತೂತುಬಿದ್ದು ಸಾರೆಲ್ಲ ಒಲೆಗೆ ಸುರಿಯಿತು. ಹತ್ತಿರದಲ್ಲೇ ಶಿವರುದ್ರಯ್ಯನ ಅಂಗಡಿ. ಮದುವೆ ಮುಂಜಿಗೆ ಪಾತ್ರೆ ಬಾಡಿಗೆಗೆ ಕೊಡುವವನು ಅವನು. ಅಂಗಡಿ ತೆರೆದಿತ್ತು, ಅವನಿರಲಿಲ್ಲ. ಎದುರಿಗಿನ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಅವಳು ನೋಡಲಿಲ್ಲ, ಕೂಗಲಿಲ್ಲ. ಅಲ್ಲಿದ್ದುದರಲ್ಲಿ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಮನೆಗೆ ತಂದು ಒಲೆಯ ಮೇಲಿಟ್ಟಳು. ಅದು ಅವನ ಅಪ್ಪ ಮಾಡಿಸಿದ ಕೊಪ್ಪರಿಗೆ. ಬಾಡಿಗೆಗೆ ಕೊಡುವುದಕ್ಕೂ ಅವನು ಹಿಂದೆಮುಂದೆ ನೋಡುತ್ತಿದ್ದದ್ದು.

ಅವನು ಚಾವಡಿಯಲ್ಲಿ ದೂರಿತ್ತ. ನಮ್ಮಲ್ಲಿ ಆ ತಪ್ಪಿಗೆ ಕೇಳದ ಕೈ ಎನ್ನುತ್ತಾರೆ, ನಮ್ಮಪ್ಪನದೂ ಅದೇ. ನಿಂಗಾಜಮ್ಮನಿಗೆ ಕರೆ ಬಂದಾಗ ಅನ್ನ ಕುದಿಯುತ್ತಿತ್ತು. ಬೇಗ ಹೋಗಿ ಬೇಗ ಬರೋಣವೆಂದು ಹಾಗೆಯೇ ಸೆರಗಿಗೆ ಕೈ ಒರೆಸಿಕೊಂಡು ಓಡಿದಳು. "ಹೌದು, ತಗೊಂಡು ಹೋದೆ, ಕೇಳ್ಲಿಲ್ಲ" ಎಂದಳು. ತಪ್ಪು ನಿಂತಿತು. ಇಡೀ ಊರಿನಲ್ಲಿ ಮಕ್ಕಳಿಗೂ ಗೊತ್ತಿರುವ ಒಂದು ಕೆಲಸವನ್ನು ಅವಳು ಮಾಡಿರಲಿಲ್ಲ: ದೊಡ್ಡ ಸಾಮಾನನ್ನು ಹೊರಗಿಟ್ಟಿರಲಿಲ್ಲ. ಕೊಪ್ಪರಿಗೆ ಒಳಗೇ ಉಳಿಯಿತು. ಬೀದಿಬಾಗಿಲಿನಿಂದ ಉರುಳಿಕೊಂಡು ಬಂದಿದ್ದ ಅದು, ಹಿತ್ತಲ ಬಾಗಿಲಿನಲ್ಲಿ ಅಡ್ಡ ಹಿಡಿದರೂ ಓರೆ ಹಿಡಿದರೂ ಹೊರಗೆ ಬರಲೊಲ್ಲದು. ಆಳುಗಳು ಎಲ್ಲರೂ ಸೇರಿ ನೋಡಿದರು. ಹೆಂಚು ತೆಗೆದು ಮೇಲಿನಿಂದ ಎತ್ತೋಣವೆಂದರೆ ತೊಲೆಗಳ ಸಂದಿ ಸಾಲದು. ಒಡೆಯೋಣವೆಂದರೆ ಶಿವರುದ್ರಯ್ಯ, "ನಮ್ಮಪ್ಪನ ತಲೆ ಒಡೆದಂಗೆ" ಎಂದ.

ಅಲ್ಲಿಂದ ಅವನ ಸಿಟ್ಟು ಬೇರೆ ದಾರಿ ಹಿಡಿಯಿತು. ಕೊಪ್ಪರಿಗೆ ವಾಪಸ್ಸು ಬಾರದಿದ್ದುದಕ್ಕೆ ಅವಳ ಮೇಲೆ ಕಳವಿನ ದೂರು ಕೊಟ್ಟ. ಅವಳಿಗೆ ಉಳಿದಿದ್ದುದು ಹಿತ್ತಲ ಬಾಗಿಲೊಂದೇ. ಅದು ಮುಚ್ಚಿದರೆ ಕೆರೆಬೀದಿಯದರ ಜೊತೆಗೆ ಊರಿಗೆ ಇನ್ನೊಂದು ಮೊಟ್ಟೆಮನೆ. ಅವಳೇನೋ ಹೆಂಚು ಸರಿಸಿ ಇಳಿದಾಳು. ಕಾಲು ಬಾರದ ಮುದುಕನನ್ನು ಹೇಗೆ ಇಳಿಸುವುದು, ಇಳಿಸಿ ಎಲ್ಲಿಗೆ ಕರೆದುಕೊಂಡು ಹೋಗುವುದು?

ಕಳವಿನ ವಿಚಾರಣೆಯಲ್ಲೇ ಕೊಪ್ಪರಿಗೆಯ ಕಥೆ ಹೇಳಿ ಗೆಲ್ಲಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಮನಸ್ಸನ್ನು ಅಳೆಯುವ ಅಳತೆ ಒರಟು. ದೂರು ಬಂದ ದಿನ ವಸ್ತು ಯಾರ ಮನೆಯಲ್ಲಿದೆಯೋ ಅವರಿಗೆ ಕೊಡುವ ಮನಸ್ಸಿರಲಿಲ್ಲ ಎಂದೇ ಲೆಕ್ಕ. ಎಷ್ಟೋ ಜನ ಹಾಗೆ ಸೋತಿದ್ದಾರೆ. ವಿಚಾರಣೆ ಶುರುವಾಯಿತೆಂದರೆ ಅವಳ ಬಾಗಿಲು ಹೋದಂತೆಯೇ. ಆದ್ದರಿಂದ ಎಲ್ಲವೂ ನಿಂತಿದ್ದುದು ಎರಡು ಮೊರಗಳ ಮೇಲೆ.

ಆ ಬೆಳಗ್ಗೆ ಚಾವಡಿಗೆ ಹೋಗುವಾಗ ನಾನೂ ಜವರಮ್ಮನೂ ನಿಂಗಾಜಮ್ಮನ ಹಿಂದಿನ ಓಣಿಯಲ್ಲೇ ಹೋದೆವು. ಚರಂಡಿಯ ಮೇಲೆ ಯಾರೋ ಚಪ್ಪಡಿ ಹಾಸಿದ್ದರು, ಊಟಕ್ಕೆ ಬರುವ ಆಳುಗಳ ಕಾಲು ಕೆಸರಾಗದಿರಲೆಂದು. ಯಾರೆಂದು ಯಾರೂ ಹೇಳಲಿಲ್ಲ. ಹಿತ್ತಲ ಬಾಗಿಲಲ್ಲಿ ಅವಳ ಮಾವ ಚಾಪೆ ಹಾಸಿಕೊಂಡು, ಎರಡೂ ಕಾಲನ್ನು ಹೊಸ್ತಿಲಿನಾಚೆಗೆ ಚಾಚಿ ಕೂತಿದ್ದ. ಇದೇನಪ್ಪ ಹೀಗೆ ಎಂದು ಜವರಮ್ಮ ಕೇಳಿದಳು.

"ಗ್ವಾಡೆ ಬಂದ್ರೆ ನನ್ ಕಾಲ್ ಮ್ಯಾಲೆ ಬರ್ಲಿ ಅಂತ" ಎಂದ ಅವನು. "ಈ ಕಾಲಿಗೆ ಇನ್ನೇನ್ ಕೆಲ್ಸ ಅದೆ ಹೇಳವ್ವ."

ನಾವು ನಕ್ಕೆವು. ಮುಂದೆ ಹೋಗುತ್ತ ಜವರಮ್ಮ ಎರಡು ಸಲ ಆ ಹೊಸ್ತಿಲಿನ ಕಡೆ ತಿರುಗಿ ನೋಡಿದಳು.

ಚಾವಡಿ ತುಂಬಿತ್ತು. ನ್ಯಾಯಾಧೀಶರು ಗುರುಮಲ್ಲಪ್ಪನವರು, ವರ್ಷವಿಡೀ ನೆಗಡಿಯಿರುವ ತೆಳ್ಳನೆಯ ಮನುಷ್ಯ. ಯಾರ ಬಾಗಿಲು ಮುಚ್ಚುವ ಮುನ್ನವೂ ಅವರು ಕನ್ನಡಕ ತೆಗೆದು ಒರೆಸುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಾರೆಂದೇ ನನ್ನ ಅನಿಸಿಕೆ. ಕೇಳದ ಕೈಯ ಮೊರ ನನ್ನ ತೊಡೆಯ ಮೇಲಿತ್ತು, ಕಳವಿನ ಮೊರ ಜವರಮ್ಮನ ತೊಡೆಯ ಮೇಲೆ. ವಸ್ತು ಇನ್ನೊಬ್ಬರದಾಗಿರಬೇಕು: ಎರಡೂ ಮೊರಕ್ಕೆ ಒಂದೊಂದು ಅವರೆಕಾಳು ಬಿತ್ತು. ಕೇಳದೆ ಒಯ್ದಿರಬೇಕು: ಎರಡಕ್ಕೂ ಒಂದೊಂದು ಹುಣಸೆಬೀಜ. ಕಳವಿಗೆ ಇನ್ನೊಂದು ಬೇಕು, ವಾಪಸ್ಸು ಕೊಡಬಾರದೆಂಬ ಮನಸ್ಸು: ಜವರಮ್ಮನ ಮೊರಕ್ಕೆ ಹಲಸಿನ ಬೀಜ ಬಿತ್ತು. ಅಲ್ಲಿಗೆ ನನ್ನ ಮೊರದಲ್ಲಿದ್ದುದೆಲ್ಲ ಅವಳ ಮೊರದಲ್ಲೂ ಇತ್ತು. ತಪ್ಪು ಒಂದೇ. ಆಳುಗಳ ಸಾಲಿನಲ್ಲಿ ಯಾರೋ ಉಸಿರು ಬಿಟ್ಟರು. ಅವರ ಕೈಗಳೆಲ್ಲ ಮೊಣಕೈವರೆಗೆ ನೀಲಿ.

ಆಗ ಶಿವರುದ್ರಯ್ಯ ಎದ್ದು ನಿಂತ. ಮೊದಲು ಅವನು, ಒಯ್ದದ್ದು ಒಂದು ದಿನ, ಇಟ್ಟುಕೊಂಡದ್ದು ಆಮೇಲಿನ ದಿನಗಳು, ಆದ್ದರಿಂದ ಎರಡು ಎಂದು ವಾದಿಸಿದ. ಎಷ್ಟು ಸಲ ಒಯ್ದಳು ಎಂದು ಗುರುಮಲ್ಲಪ್ಪನವರು ಕೇಳಿದರು. ಒಂದೇ ಸಲ ಎಂದ. ಹಾಗಾದರೆ ದಿನ ಕಳೆದಂತೆಲ್ಲ ಒಂದೊಂದು ಹೊಸ ತಪ್ಪು ಹುಟ್ಟುವುದಿಲ್ಲ ಎಂದು ಅವರು ಹೇಳಿ ಮೂಗು ಒರೆಸಿಕೊಂಡರು. ಶಿವರುದ್ರಯ್ಯ ಕೂರಲಿಲ್ಲ. ಅಂಗಿಯ ಜೇಬಿನಿಂದ ಒಂದು ಹರಳುಬೀಜ ತೆಗೆದ. ಮನೆಯಿಂದಲೇ ತಂದಿದ್ದ.

"ಇದನ್ನ ಟೀಚರಮ್ಮನ ಮೊರಕ್ಕೆ ಹಾಕ್ಬೇಕು" ಎಂದ. "ಒಲೆ ಮ್ಯಾಲೆ ಇಟ್ಟಿದ್ದಕ್ಕೆ. ಪಾತ್ರೆ ಬಾಡಿಗೆಗೆ ಕೊಡೋನು ನಾನು, ನನಗೆ ಗೊತ್ತು. ಹೊತ್ಕೊಂಡು ಹೋಗೋದು ಬೇರೆ, ಬಳಸೋದು ಬೇರೆ. ಕೇಳದ ಕೈ ಅಂದ್ರೆ ಬಳಸೋದು. ಕಳ್ಳ ಬಳಸ್ಲೇಬೇಕು ಅಂತಿಲ್ಲ, ಕದ್ದು ಮೂಲೇಲಿ ಇಟ್ರೂ ಕಳ್ಳನೇ."

ಮಾತಿನಲ್ಲಿ ತೂಕವಿತ್ತು. ಬೀಜ ನನ್ನ ಮೊರಕ್ಕೆ ಬಿತ್ತು. ಈಗ ನನ್ನ ಮೊರದಲ್ಲಿ ಜವರಮ್ಮನ ಮೊರದಲ್ಲಿಲ್ಲದ ಹರಳು, ಅವಳ ಮೊರದಲ್ಲಿ ನನ್ನದರಲ್ಲಿಲ್ಲದ ಹಲಸು. ತಪ್ಪು ಎರಡು. ನಿಂಗಾಜಮ್ಮ ಗೋಡೆಯ ಗಡಿಯಾರ ನೋಡಿದಳು. ಅವಳ ಒಲೆ ಉರಿಯುತ್ತಿದ್ದಿರಬೇಕು.

ನನ್ನ ಎದೆಯಲ್ಲಿ ಆ ಹಸಿಗೋಡೆಯ ವಾಸನೆ ಎದ್ದಿತು. ನಮ್ಮ ಮನೆಯ ಮುಂದೆ ಮಲಗಿದ್ದ ಏಣಿ ಕಣ್ಣಿಗೆ ಕಟ್ಟಿತು. ಅಪ್ಪ ಅದನ್ನು ತಂದು ಹಾಕಿ, ಒಂದು ಲೋಟ ನೀರು ಕುಡಿಯಲು ಒಳಗೆ ಬಂದಿದ್ದರು, ಅಷ್ಟರಲ್ಲಿ ಪಕ್ಕದ ಮನೆಯ ಕೂಗು ಕೇಳಿಸಿತ್ತು. ಅವರು ಹತ್ತಿರಲಿಲ್ಲ. ಬಳಸಿರಲಿಲ್ಲ. ಆದರೂ ನಮ್ಮ ಬಾಗಿಲು ಮುಚ್ಚಿತ್ತು. ಆದರೆ ನಾನು ಬಾಗಿಲು ಕಳೆದುಕೊಂಡ ಮನೆಯವಳು. ನನ್ನ ಮಾತು ನಡೆಯುವುದಿಲ್ಲ. ನನಗಿದ್ದುದು ಪ್ರಶ್ನೆಯೊಂದೇ.

ಹರಳುಬೀಜವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಕೇಳಿದೆ: "ಇದಿಲ್ಲದೆ ಬಾಗಿಲು ಮುಚ್ಚಿದ್ದುಂಟೇ?"

ಕೇಳದೆ ಪಾತ್ರೆ ತಂದವರು ಅಡುಗೆ ಮಾಡಿದ್ದರು, ಕೇಳದೆ ಗಾಡಿ ತಂದವರು ಓಡಿಸಿದ್ದರು. ತಂದೂ ಬಳಸದೆ ಬಾಗಿಲು ಕಳೆದುಕೊಂಡ ದಡ್ಡರು ಯಾರಿದ್ದಾರು ಎಂಬಂತೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಜವರಮ್ಮನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅದು ಕೇಳಿದಂತಾಗುತ್ತಿತ್ತು, ಅಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಜನರ ಮುಂದೆ ಕೇಳುವುದು ನನಗೆ ಆಗಲಿಲ್ಲ. ಗುರುಮಲ್ಲಪ್ಪನವರು ಕನ್ನಡಕ ತೆಗೆದರು. ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಒಂದು ಗಾಜು ಒರೆಸಿದರು. ಇನ್ನೊಂದು ಗಾಜಿಗೆ ಬಂದರು.

ನನ್ನ ಪಕ್ಕದಲ್ಲಿ ಸಣ್ಣ ಸದ್ದು ಕೇಳಿಸಿತು. ಜವರಮ್ಮನ ಮೊರದಲ್ಲಿ ಬೀಜಗಳು ಅಲುಗಾಡುತ್ತಿದ್ದವು.

"ಉಂಟು ಸ್ವಾಮಿ" ಎಂದಳು.

ಗುರುಮಲ್ಲಪ್ಪನವರು ಕನ್ನಡಕ ಹಾಕಿಕೊಂಡರು. ಯಾರದು ಎಂದು ಕೇಳಿದರು.

"ಇವರಪ್ಪನ್ದು. ಏಣೀದು. ದೂರು ಕೊಟ್ಟೋರು ನಮ್ಮಪ್ಪ." ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ನಂಗಾಗ ಸೀತಾಳೆ ಸಿಡುಬು ಆಗಿತ್ತು. ಹೊರಗೆ ಬಿಡ್ತಿರ್ಲಿಲ್ಲ, ಕಿಟಕೀಲೇ ಕೂತಿದ್ದೆ. ನಮ್ಮಪ್ಪ ಗಿರಣಿಯಿಂದ ಬಂದಾಗ ಏಣಿ ನೆಲದ ಮ್ಯಾಲೆ ಮಲಗಿತ್ತು. ಗ್ವಾಡೆಗೂ ಒರಗಿಸಿರ್ಲಿಲ್ಲ. ಅವರು ಹತ್ತಿರ್ಲಿಲ್ಲ."

ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು, ಮೆಟ್ಟಿಲು ಮುರಿದಿತ್ತಂತಲ್ಲ ಎಂದರು. ಊರಿಗೆ ಆ ಮಾತು ಇನ್ನೂ ನೆನಪಿತ್ತು.

"ಮೆಟ್ಲು ಮೊದ್ಲೇ ಮುರಿದಿತ್ತು" ಎಂದಳು ಜವರಮ್ಮ. "ಮುರಿದೋಳು ನಮ್ಮವ್ವ, ನುಗ್ಗೇಕಾಯಿ ಕೀಳಕ್ಕೆ ಹೋಗಿ. ನಮ್ಮಪ್ಪಂಗೆ ಹೇಳ್ಬೇಡ ಅಂದಿದ್ಳು. ಆಮೇಲೆ ಹೇಳೋ ಹೊತ್ತು ಬರ್ಲೇ ಇಲ್ಲ."

ತಂದೆಯ ಮಾತನ್ನು ಸುಳ್ಳೆಂದು ಊರ ಮುಂದೆ ಹೇಳುವುದು ಯಾರಿಗೂ ಸುಲಭವಲ್ಲ. ಅದೂ ಈ ವಯಸ್ಸಿನಲ್ಲಿ, ತಂದೆಯೇ ಇಲ್ಲದಿರುವಾಗ. ನಾನು ನನ್ನ ಎಡಗೈಯನ್ನು ಮೊರದಿಂದ ತೆಗೆದು ಅವಳ ಮೊರದ ಅಂಚಿಗೆ ಆಸರೆ ಕೊಟ್ಟೆ. ಬೀಜಗಳ ಸದ್ದು ನಿಂತಿತು.

ಗುರುಮಲ್ಲಪ್ಪನವರು ಶಿವರುದ್ರಯ್ಯನ ಕಡೆ ನೋಡಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನು, ನ್ಯಾಯಾಧೀಶರಿಗಲ್ಲ, ನಿಂಗಾಜಮ್ಮನಿಗೆ ಹೇಳಿದ: "ಎದುರುಗಡೆನೇ ಕೂತಿದ್ನಲ್ಲಮ್ಮ. ಒಂದು ಮಾತು ಕೂಗಿ ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

ಆಗಲೇ ನನಗೆ ಅವನ ಸಿಟ್ಟಿನ ಬೇರು ಕಂಡದ್ದು. ನಿಂಗಾಜಮ್ಮ ತಲೆ ತಗ್ಗಿಸಿದಳು. ಮೊದಲ ವಿಚಾರಣೆಯಲ್ಲಿ ಹೌದು ಎಂದವಳು ಆ ದಿನ ತಲೆ ತಗ್ಗಿಸಿರಲಿಲ್ಲ.

ಹರಳುಬೀಜವನ್ನು ನನ್ನ ಮೊರದಿಂದ ತೆಗೆಸಿದರು. ಗುರುಮಲ್ಲಪ್ಪನವರು ಎರಡೂ ಮೊರವನ್ನು ಬಗ್ಗಿ ನೋಡಿ, "ತಪ್ಪು ಒಂದೇ. ಅದಕ್ಕೆ ಬಾಗಿಲು ಮುಚ್ಚಿ ಆಗಿದೆ" ಎಂದರು. ಹಾಗೆಂದ ಮೇಲೂ ಎಲ್ಲರೂ ಸ್ವಲ್ಪ ಹೊತ್ತು ಕೂತೇ ಇದ್ದೆವು, ಮೂಗು ಅರಳಿಸಿಕೊಂಡು; ಊರಿನಲ್ಲಿ ಎಲ್ಲಿ ಗೋಡೆ ಎದ್ದರೂ ಆ ವಾಸನೆ ಚಾವಡಿಯವರೆಗೂ ಬರುತ್ತದೆ. ಆ ವಾಸನೆ ಬರಲಿಲ್ಲ. ಬಂದದ್ದು ಆಳುಗಳ ಮೈಯ ನೀಲಿ ಬಣ್ಣದ ವಾಸನೆ, ಹುಣಸೆಬೀಜದ ವಾಸನೆ ಅಷ್ಟೇ. ನಿಂಗಾಜಮ್ಮ ಎದ್ದು ಎಲ್ಲರಿಗೂ ಒಟ್ಟಿಗೆ ಕೈ ಮುಗಿದು, ಬಂದಂತೆಯೇ ಓಡಿದಳು. ಆಳುಗಳು ಅವಳ ಹಿಂದೆ ಹೋದರು, ಊಟದ ಹೊತ್ತಾಗಿತ್ತು.

ನಾವಿಬ್ಬರೂ ನಿಧಾನವಾಗಿ ಹೊರಟೆವು. ಹಳೆಯ ಬೀದಿಯಲ್ಲಿ ನಮ್ಮ ಮನೆ ಇದ್ದ ಕಡೆಗೆ ಹೋಗೋಣವೆಂದು ಇಬ್ಬರೂ ಹೇಳಿಕೊಳ್ಳಲಿಲ್ಲ, ಕಾಲುಗಳೇ ಹೋದವು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಮುಚ್ಚಿದ ಬಾಗಿಲಿನ ಗುರುತು ಗೋಡೆಯ ಮೇಲೆ ಇನ್ನೂ ಇದೆ, ಸುತ್ತಲಿನ ಗೋಡೆಗಿಂತ ಒಂದು ಬಣ್ಣ ಕಡಿಮೆ. ಜವರಮ್ಮ ಅದರ ಮುಂದೆ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ಮಪ್ಪ ಇದ್ದಾಗ್ಲೇ ಹೇಳ್ಬೇಕಿತ್ತು ದಾಕ್ಷಿ" ಎಂದಳು. "ಹೇಳಿದ್ರೆ ನಮ್ಮಪ್ಪ ಸುಳ್ಳುಗಾರ ಆಗ್ತಿದ್ರು. ಹೇಳ್ದೆ ನಿಮ್ಮಪ್ಪ ಸುಳ್ಳುಗಾರರಾದ್ರು."

ಅಪ್ಪನಿಗೆ ಇದು ತಿಳಿದಿದ್ದರೆ ಏನೆನ್ನುತ್ತಿದ್ದರೆಂದು ನಾನು ಯೋಚಿಸಿದೆ. ಬಳಸದೇ ಹೋದ ಒಂದು ಏಣಿ ಇಷ್ಟು ಕಾಲ ಆದಮೇಲೆ ಇನ್ನೊಬ್ಬರ ಮನೆಯ ಬಾಗಿಲನ್ನು ಉಳಿಸಿತಲ್ಲ. ಅವರು ಬಹುಶಃ ನಕ್ಕುಬಿಡುತ್ತಿದ್ದರು. ನಾನು ಜವರಮ್ಮನಿಗೆ ಇಷ್ಟೇ ಹೇಳಿದೆ: "ನಿಮ್ಮವ್ವ ಬಿಟ್ಟ ರಂಗೋಲೀನ ನಮ್ಮಪ್ಪ ಒಂದು ದಿನಾನೂ ತುಳಿದೋರಲ್ಲ. ಪಕ್ಕಕ್ಕೆ ಸರಿದು ಹೋಗ್ತಿದ್ರು." ಅದು ನಿಜವಾಗಿತ್ತು. ಅವಳು ತಲೆಯಾಡಿಸಿದಳು. ಆಮೇಲೆ, ತನಗೆ ಹಸಿವಾಗುತ್ತಿದೆ ಎಂದಳು.

ಹಿಂದಿನ ಓಣಿಗೆ ಬಂದಾಗ ಊಟದ ಸಾಲು ಮುಗಿಯುತ್ತ ಬಂದಿತ್ತು. ಚಪ್ಪಡಿಗಳ ಮೇಲೆ ಆಳುಗಳು ಕುಕ್ಕರುಗಾಲಲ್ಲಿ ಕೂತು ಉಣ್ಣುತ್ತಿದ್ದರು. ಮುದುಕ ಹೊಸ್ತಿಲಿನಿಂದ ಕಾಲು ತೆಗೆದಿದ್ದ, ಆದರೆ ಚಾಪೆ ಬಿಟ್ಟಿರಲಿಲ್ಲ. ಬಂದವರಿಗೆಲ್ಲ ತನ್ನ ಕಾಲಿಗೆ ಹೆದರಿಯೇ ಗೋಡೆ ಬರಲಿಲ್ಲವೆಂದು ಹೇಳುತ್ತಿದ್ದ. ನಮಗಿಬ್ಬರಿಗೂ ಜಾಗ ಮಾಡಿಕೊಟ್ಟ. ಒಳಗೆ ಒಲೆಯ ಮೇಲೆ ಕೊಪ್ಪರಿಗೆ ಕೂತಿತ್ತು, ಅಡುಗೆಮನೆಯ ಅರ್ಧವನ್ನು ಆಕ್ರಮಿಸಿಕೊಂಡು. ಹೊರಮೈ ಬೂದಿಯಲ್ಲಿ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು.

ಅಷ್ಟರಲ್ಲಿ ಶಿವರುದ್ರಯ್ಯ ಬಂದ. ಅವನನ್ನು ಕಂಡು ಉಣ್ಣುತ್ತಿದ್ದವರ ಕೈ ನಿಂತಿತು. ಅವನು ಯಾರ ಕಡೆಗೂ ನೋಡದೆ ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಬಗ್ಗಿ ಒಳಗೆ ನೋಡಿದ. ತಳ ಸೀದಿಲ್ಲ ತಾನೇ ಎಂದು ಗೋಡೆಯನ್ನು ಕೇಳುವವನಂತೆ ಕೇಳಿದ. ಇಲ್ಲವೆಂದು ಮುದುಕನೇ ಉತ್ತರ ಕೊಟ್ಟ, ಸೊಸೆ ಎಳೆಮಗುವಿಗೆ ಮಾಡಿಸುವಂತೆ ಅದಕ್ಕೆ ಎಣ್ಣೆನೀರು ಮಾಡಿಸುತ್ತಾಳೆಂದ. ಶಿವರುದ್ರಯ್ಯನ ಮೀಸೆಯ ಕೆಳಗೆ ಏನೋ ಅಲುಗಾಡಿತು, ನಗುವೋ ಏನೋ.

ನಿಂಗಾಜಮ್ಮ ಸೌಟು ಕೆಳಗಿಟ್ಟು ಬಾಗಿಲ ಹತ್ತಿರ ಬಂದಳು. ಕೈ ಒರೆಸಿಕೊಂಡಳು. ಒಮ್ಮೆ ಹಿಂದಕ್ಕೆ ತಿರುಗಿ ಕೊಪ್ಪರಿಗೆ ನೋಡಿದಳು.

"ಅಣ್ಣ" ಎಂದಳು. "ಇದು ಹೊರಗೆ ಬರೋ ದಾರಿ ಕಾಣಲ್ಲ. ಇಲ್ಲೇ ಇರೋಗಂಟ ಇದ್ರಲ್ಲಿ ಅಡುಗೆ ಮಾಡ್ಕೊಳ್ಲಾ?"

ಕೇಳಿದ್ದು ಸಣ್ಣ ಮಾತು. ಅಷ್ಟು ಸಣ್ಣ ಮಾತಿಗಾಗಿ ಒಂದು ಬಾಗಿಲು ಹೋಗಿತ್ತು, ಇನ್ನೊಂದು ಹೋಗುವುದರಲ್ಲಿತ್ತು. ಶಿವರುದ್ರಯ್ಯ ಚೌಕಟ್ಟಿನ ಮೇಲಿದ್ದ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ, "ಮಾಡ್ಕೊ" ಎಂದ. ಹೊರಡಲು ತಿರುಗಿದ. ಓಣಿ ಇಕ್ಕಟ್ಟು, ಉಣ್ಣುವವರು ದಾರಿ ತುಂಬ ಕೂತಿದ್ದರು. ಯಾರೂ ಎದ್ದು ದಾರಿ ಬಿಡಲಿಲ್ಲ. ಒಬ್ಬ ಆಳು ನೀಲಿ ಕೈಯಿಂದ ಪಕ್ಕದ ಚಪ್ಪಡಿಯ ಮೇಲಿನ ಧೂಳನ್ನು ಒರೆಸಿದ.

ಅವನು ನಿಂತ. ಕೂತ.

ನಿಂಗಾಜಮ್ಮ ಒಳಗೆ ಹೋದಳು. ಕೊಪ್ಪರಿಗೆಯ ತಳದಿಂದ ಸೌಟಿನಲ್ಲಿ ಹುರುಳಿಸಾರು ಬಗೆದಳು. ಮುದ್ದೆಯನ್ನು ಎಲೆಯ ನಡುವೆ ಇಟ್ಟು, ಸುತ್ತ ಸಾರು ಬಿಟ್ಟು, ಅಂಚಿಗೆ ಒಂದು ಚೂರು ಈರುಳ್ಳಿ ಇಟ್ಟಳು. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಇಕ್ಕಟ್ಟಿನ ಬಾಗಿಲಿನಲ್ಲಿ ಓರೆಯಾಗಿ ಹೊರಗೆ ಬಂದು, ಅವನ ಕೈಗೆ ಕೊಟ್ಟಳು.